ಅರವತ್ತೆಂಟರಲ್ಲಿ ವಿಕ್ರೋಲಿಗೆ ಬಂದ ಅಜ್ಜಿ

ಅಮೆರಿಕದ 39ನೇ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ತಾಯಿಯೆಂದೇ ಲೋಕ ಗುರುತಿಸುವ ಲಿಲಿಯನ್ ಗಾರ್ಡಿ ಕಾರ್ಟರ್ (1898–1983) ಅವರ ಬಾಳಿನ ಅತ್ಯಂತ ದಿಟ್ಟ ಅಧ್ಯಾಯ ನಡೆದದ್ದು ಮಗ ಶ್ವೇತಭವನ ಸೇರುವುದಕ್ಕೆ ಸುಮಾರು ಹತ್ತು ವರ್ಷ ಮೊದಲು, ಮುಂಬಯಿಯ ವಿಕ್ರೋಲಿಯಲ್ಲಿದ್ದ ಗೋದ್ರೆಜ್ ಕಾರ್ಖಾನೆಯ ಕಾರ್ಮಿಕರ ವಸತಿಯಲ್ಲಿ. ಮೊಮ್ಮಕ್ಕಳನ್ನು ಕಂಡ ವಿಧವೆಯೊಬ್ಬರು ಅರವತ್ತೆಂಟರ ವಯಸ್ಸಿನಲ್ಲಿ ಮನೆ ಬಿಟ್ಟು ಸಾಗರ ದಾಟಿ ಬಂದದ್ದನ್ನು ಇಳಿವಯಸ್ಸಿನ ಹುಮ್ಮಸ್ಸೆಂದು ಕಂಡವರುಂಟು. ಆದರೆ ಆ ಪಯಣಕ್ಕೆ ಬೇಕಾದ ಮನಸ್ಸು ನಾಲ್ಕು ದಶಕಗಳ ಹಿಂದೆಯೇ ಜಾರ್ಜಿಯಾ ರಾಜ್ಯದ ಹತ್ತಿ ಮತ್ತು ಶೇಂಗಾ ಹೊಲಗಳ ನಡುವೆ ಹದಗೊಂಡಿತ್ತು.

ಅಂಚೆ ಮಾಸ್ತರರ ಮಗಳಾಗಿ ರಿಚ್‌ಲೆಂಡ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಲಿಲಿಯನ್, ದಾದಿಯಾಗಿ ತರಬೇತಿ ಪಡೆದು 1923ರಲ್ಲಿ ಅರ್ಲ್ ಕಾರ್ಟರ್ ಅವರನ್ನು ಮದುವೆಯಾದರು. ನಾಲ್ವರು ಮಕ್ಕಳ ಸಂಸಾರ ಬಹುಕಾಲ ನಡೆದದ್ದು ಆರ್ಚರಿ ಎಂಬ ಹಳ್ಳಿಯಲ್ಲಿ, ಅಲ್ಲಿನ ನೆರೆಹೊರೆಯಲ್ಲಿ ಬಹುಪಾಲು ಕಪ್ಪು ಜನಾಂಗದವರೇ ಇದ್ದರು. ಶಾಲೆ, ರೈಲಿನ ಡಬ್ಬಿ, ಆಸ್ಪತ್ರೆಯ ವಾರ್ಡು ಎಲ್ಲವನ್ನೂ ಚರ್ಮದ ಬಣ್ಣದ ಆಧಾರದ ಮೇಲೆ ಕಾನೂನೇ ಬೇರ್ಪಡಿಸಿದ್ದ ವರ್ಣಭೇದದ ಕಾಲವದು. ಬಿಳಿಯರ ಮನೆಗೆ ಕಪ್ಪು ಜನಾಂಗದವರು ಬಂದರೆ ಹಿತ್ತಿಲ ಬಾಗಿಲಲ್ಲಿ ನಿಲ್ಲಬೇಕೆಂಬುದು ಬರೆಯದ ಕಟ್ಟಳೆಯಾಗಿತ್ತು. ಲಿಲಿಯನ್ ಅವರು ಆ ಕುಟುಂಬಗಳ ಮನೆಗಳಿಗೇ ಹೋಗಿ ಶುಶ್ರೂಷೆ ಮಾಡುತ್ತಿದ್ದರು, ಹಣ ಕೊಡಲಾಗದವರು ಕೋಳಿಯನ್ನೋ ಮೊಟ್ಟೆಯನ್ನೋ ತಂದಿಟ್ಟರೆ ಅದನ್ನೇ ಸ್ವೀಕರಿಸುತ್ತಿದ್ದರು. ನೆರೆಯ ಕಪ್ಪು ಬಿಷಪ್ಪರ ಮಗ ಮುಂಬಾಗಿಲಿನಿಂದಲೇ ಒಳಗೆ ಬಂದಾಗ ಆತನನ್ನು ಲಿಲಿಯನ್ ಕೂರಿಸಿ ಮಾತಾಡಿಸುತ್ತಿದ್ದರೆ, ವರ್ಣಭೇದವನ್ನು ಒಪ್ಪಿಕೊಂಡಿದ್ದ ಪತಿ ಎದ್ದು ಹೊರಗೆ ಹೋಗುತ್ತಿದ್ದರಂತೆ. ಒಂದೇ ಸೂರಿನಡಿ ಈ ಭಿನ್ನಮತದೊಂದಿಗೆ ಸಂಸಾರ ಸಾಗಿಸಿದ್ದನ್ನೂ ಆಕೆಯ ಧೈರ್ಯದ ಲೆಕ್ಕಕ್ಕೇ ಸೇರಿಸಬೇಕು.

1953ರಲ್ಲಿ ಪತಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಆಬರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ನಿಲಯವೊಂದರ ಮೇಲ್ವಿಚಾರಕಿಯಾಗಿದ್ದ ಅವರು, 1964ರ ಚುನಾವಣೆಯಲ್ಲಿ, ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದ್ದಕ್ಕಾಗಿ ದಕ್ಷಿಣದ ಬಿಳಿಯರ ಸಿಟ್ಟಿಗೆ ಗುರಿಯಾಗಿದ್ದ ಲಿಂಡನ್ ಜಾನ್ಸನ್ ಪರವಾಗಿ ಬಹಿರಂಗವಾಗಿ ದುಡಿದರು. ಎರಡು ವರ್ಷಗಳ ತರುವಾಯ ಟಿವಿಯಲ್ಲಿ ಕಂಡ ಪೀಸ್ ಕೋರ್ ಜಾಹೀರಾತೊಂದು ಅವರನ್ನು ಸೆಳೆಯಿತು. 1961ರಲ್ಲಿ ಜಾನ್ ಕೆನಡಿ ಅವರು ಸ್ಥಾಪಿಸಿದ ಈ ಸರ್ಕಾರಿ ಸಂಸ್ಥೆಯು ಸ್ವಯಂಸೇವಕರನ್ನು ಎರಡು ವರ್ಷಗಳ ಮಟ್ಟಿಗೆ ಬೇರೆ ದೇಶಗಳಿಗೆ ಕಳುಹಿಸುತ್ತಿತ್ತು; ಅದರಲ್ಲಿ ಹೆಚ್ಚಿನವರು ಆಗತಾನೆ ಕಾಲೇಜು ಮುಗಿಸಿದ ತರುಣರಾಗಿದ್ದರೂ, ವಯಸ್ಸಿನ ಮೇಲ್ಮಿತಿಯಂತೂ ಇರಲಿಲ್ಲ.

ಹೀಗೆ ಪೀಸ್ ಕೋರ್ ಸೇರಿ ಭಾರತಕ್ಕೆ ಬಂದ ಅವರಿಗೆ ವಿಕ್ರೋಲಿಯಲ್ಲಿ ಮೊದಲು ವಹಿಸಿದ್ದು ಕುಟುಂಬ ಯೋಜನೆಯ ಕೆಲಸ. ಜನಸಂಖ್ಯೆಯ ಚಿಂತೆ ತೀವ್ರವಾಗಿದ್ದ ಆ ವರ್ಷಗಳಲ್ಲಿ ಪುರುಷರನ್ನು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಪ್ಪಿಸುವುದೇ ಕಾರ್ಯಕರ್ತರ ಮುಖ್ಯ ಹೊಣೆಯಾಗಿತ್ತು. ಅರೆಬರೆ ಮರಾಠಿಯಲ್ಲಿ ಪರದೇಶದ ಮುದುಕಿಯೊಬ್ಬರು ಈ ಮಾತೆತ್ತುವುದು ಎಂಥ ಮುಜುಗರವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಮನಸ್ಸೆಲ್ಲ ಕಾರ್ಖಾನೆಯ ಚಿಕಿತ್ಸಾಲಯದ ಕಡೆಗಿತ್ತು, ಕೊನೆಗೆ ಅಲ್ಲಿ ದಾದಿಯಾಗಿ ದುಡಿಯುವ ಅವಕಾಶ ಗಿಟ್ಟಿಸಿಕೊಂಡರು.

ಅಲ್ಲಿಗೆ ಒಂದು ದಿನ ಮೈಮೇಲಿನ ಹುಣ್ಣುಗಳನ್ನು ಮರೆಮಾಡಿಕೊಂಡು ಬಂದ ಕುಷ್ಠರೋಗಿ ಬಾಲಕಿಯ ಪ್ರಸಂಗವನ್ನು ಮಗ ಜಿಮ್ಮಿ ಮುಂದೆ ಕವಿತೆಯಾಗಿಸಿದ್ದಾರೆ. ಕುಷ್ಠವು ನರ ಮತ್ತು ಚರ್ಮಕ್ಕೆ ತಗಲುವ, ಸುಲಭವಾಗಿ ಹರಡದ ರೋಗವೆಂಬುದು ಇಂದು ಸಾಮಾನ್ಯ ತಿಳಿವಳಿಕೆ. ಅಂದು ಅನುಭವಿ ದಾದಿಯಾಗಿದ್ದ ಲಿಲಿಯನ್ ಕೂಡ ಹಿಂದೆ ಸರಿದರು, ವೈದ್ಯರು ಕರೆದು ಹೇಳಿದ ಮೇಲೆ ಮುಖಗವಸು ಕಟ್ಟಿಕೊಂಡು ಸೂಜಿ ಚುಚ್ಚಿ, ಯಾರಿಗೂ ಕಾಣದಂತೆ ಹೋಗಿ ಮೈ ಕೆಂಪಾಗುವಂತೆ ಉಜ್ಜಿ ತೊಳೆದುಕೊಂಡರು. ವಾರವಾರವೂ ಅಳುಕುತ್ತಲೇ ಚಿಕಿತ್ಸೆ ಮುಂದುವರಿಸಿ, ಹುಣ್ಣು ಮಾಗುತ್ತ ಬಂದಂತೆ ಆ ಮಗುವಿನ ಕೈ ಹಿಡಿದು ನಾಲ್ಕು ಮರಾಠಿ ಮಾತಾಡುವಷ್ಟು, ಕಡೆಗೆ ಮುತ್ತಿಡುವಷ್ಟು ಹತ್ತಿರವಾದರು. ಸೇವಾವ್ರತಿಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮುಚ್ಚಿಡುವ ಹೇಸಿಗೆಯ ಆ ಮೊದಲ ಗಳಿಗೆಯನ್ನು ಮಗ ಮುಚ್ಚಿಡಲಿಲ್ಲ, ಆದ್ದರಿಂದಲೇ ಮುಂದಿನ ಮಮತೆ ನಂಬುವಂತಿದೆ. ಇದೇ ವಸತಿಯಲ್ಲಿ, ತರಕಾರಿ ಮತ್ತು ಹೂವು ತಂದುಕೊಡುತ್ತಿದ್ದ ಮಾಲಿಯ ಮಗಳಿಗೆ ಅವರು ಓದುಬರಹ ಕಲಿಸಿದರು. 1967ರ ಅಕ್ಟೋಬರಿನಲ್ಲಿ ಜಿಮ್ಮಿ ಅವರ ಮಗಳು ಏಮಿ ಹುಟ್ಟಿದಾಗ ಅಜ್ಜಿ ಜೊತೆಗಿರಲಿಲ್ಲ. ಸೇವೆಗೆ ತೆತ್ತ ಬೆಲೆಯಲ್ಲಿ ಇದೂ ಒಂದು.

ಅವರ ಶ್ರದ್ಧೆಯ ಬಗೆಯನ್ನೂ ಇಲ್ಲಿ ಗಮನಿಸಬೇಕು. ಮೆಥಡಿಸ್ಟ್ ಪಂಥದಲ್ಲಿ ಬೆಳೆದು ಮದುವೆಯ ಬಳಿಕ ಬ್ಯಾಪ್ಟಿಸ್ಟ್ ಚರ್ಚಿಗೆ ಸೇರಿದ ಲಿಲಿಯನ್ ಭಾರತಕ್ಕೆ ಬಂದದ್ದು ಮಿಷನರಿಯಾಗಿ ಅಲ್ಲ, ಪೀಸ್ ಕೋರ್‌ನಲ್ಲಿ ಮತಪ್ರಚಾರಕ್ಕೆ ಎಡೆಯೂ ಇರಲಿಲ್ಲ. ಅವರ ಮಗಳು ರೂತ್ ಮುಂದೆ ಹೆಸರಾಂತ ಸುವಾರ್ತಾ ಪ್ರಚಾರಕಿಯಾದರು; ತಾಯಿಯಾದರೋ ಬೇಸ್‌ಬಾಲ್ ಆಟದ ಹುಚ್ಚು ಹಚ್ಚಿಕೊಂಡ, ಮಾತಿನಲ್ಲಿ ಮುಲಾಜಿಲ್ಲದ ಹೆಂಗಸು. ಭಕ್ತಿ ಆಕೆಯಲ್ಲಿ ಉಪದೇಶವಾಗಿ ಕಾಣಿಸಿಕೊಂಡದ್ದಕ್ಕಿಂತ, ಬೇರೆಯವರು ಮುಟ್ಟಲು ಹಿಂಜರಿಯುವವರನ್ನು ಮುಟ್ಟುವ ಹಟವಾಗಿ ಕಾಣಿಸಿಕೊಂಡದ್ದೇ ಹೆಚ್ಚು.

ಇಪ್ಪತ್ತೊಂದು ತಿಂಗಳ ಸೇವೆ ಮುಗಿಸಿ ಅವರು 1968ರಲ್ಲಿ ಮರಳಿದರು. 1976ರಲ್ಲಿ ಮಗ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಊರೂರು ಸುತ್ತುತ್ತಿದ್ದಾಗ ಏಮಿಯನ್ನು ನೋಡಿಕೊಂಡದ್ದು ಇದೇ ಅಜ್ಜಿ. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರ ಅಂತ್ಯಕ್ರಿಯೆಗೆ ಅಮೆರಿಕದ ಪ್ರತಿನಿಧಿಯಾಗಿ ಬಂದಾಗ ವಿಕ್ರೋಲಿಗೂ ಹೋಗಿಬಂದರು. ಸೇವೆಯ ದಿನಗಳಲ್ಲಿ ಅಲ್ಲಿಂದ ಮನೆಗೆ ಬರೆದಿದ್ದ ಪತ್ರಗಳು ಮಗಳು ಗ್ಲೋರಿಯಾ ಅವರ ನೆರವಿನಿಂದ ಅದೇ ವರ್ಷ ಪುಸ್ತಕವಾಗಿ ಬಂದವು. ಅವರು ತೀರಿಕೊಂಡ ಮೂರು ವರ್ಷಗಳ ನಂತರ, ಐವತ್ತು ದಾಟಿದ ಮೇಲೆ ಹೊರದೇಶಕ್ಕೆ ಹೋಗಿ ದುಡಿದ ಸ್ವಯಂಸೇವಕರಿಗಾಗಿ ಪೀಸ್ ಕೋರ್ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು.