ಹೊಲಿಗೆ ಮೆಷಿನ್ ಕೊಳ್ತೀರಾ? ಮೊದಲು ರಿಪೇರಿಯವನನ್ನು ಕೇಳಿ!

ದಾವಣಗೆರೆ: ಮದುವೆ ಸೀಸನ್ ಬಂತೆಂದರೆ ನಮ್ಮೂರಿನ ಟೈಲರುಗಳು ಕೈಗೆ ಸಿಗುವುದಿಲ್ಲ. ಒಂದು ರವಿಕೆಗೆ ಮೂರು ಸಲ ತಿರುಗಾಟ. "ಮುಂದಿನ ವಾರ ಬರ್ರೀ ಅಕ್ಕಾರೆ" ಅನ್ನೋದನ್ನ ಕೇಳಿ ಕೇಳಿ ಸಾಕಾದ ಗೃಹಿಣಿಯರು ಮನೆಯಲ್ಲೇ ಒಂದು ಮೆಷಿನ್ ಇಟ್ಟುಕೊಳ್ಳುವ ಯೋಚನೆ ಮಾಡುತ್ತಾರೆ. ಮನೆ ಬಟ್ಟೆಯೂ ಆಯ್ತು, ಅಕ್ಕಪಕ್ಕದವರ ನಾಲ್ಕು ರವಿಕೆ ಹೊಲಿದರೆ ಕೈಗೆ ನಾಲ್ಕು ಕಾಸೂ ಆಯ್ತು. ಲೆಕ್ಕವೇನೋ ಸರಿಯಾಗಿದೆ. ಅದು ತಪ್ಪುವುದು ಅಂಗಡಿ ಮೆಟ್ಟಿಲು ಹತ್ತಿದ ಮೇಲೆ!

ಗೃಹಲಕ್ಷ್ಮಿ ದುಡ್ಡು ಕೂಡಿಟ್ಟೋ, ಚೀಟಿ ಎತ್ತಿಯೋ, ಸಂಘದಲ್ಲಿ ಸಾಲ ಮಾಡಿಯೋ ತಂದ ಮೆಷಿನ್ ಆರೇ ತಿಂಗಳಿಗೆ ಅಟ್ಟ ಸೇರಿದರೆ ಹೋಗೋದು ಬರೀ ದುಡ್ಡಲ್ಲ ಸ್ವಾಮಿ, ಆ ಹೆಣ್ಣುಮಗಳ ಹುಮ್ಮಸ್ಸೂ ಹೋಗುತ್ತದೆ.

ಆಟದ ಸಾಮಾನು ಬೇಡ

ಮೊದಲು ಅತಿ ಅಗ್ಗದ್ದನ್ನೇ ನೋಡೋಣ. ಮೊಬೈಲಿನಲ್ಲಿ ಬೆರಳು ಒತ್ತಿದರೆ ಮನೆ ಬಾಗಿಲಿಗೆ ಬರುವ ಪುಟಾಣಿ ಪ್ಲಾಸ್ಟಿಕ್ ಮೆಷಿನ್. ಬೆಲೆ ಒಂದರಿಂದ ಎರಡೂವರೆ ಸಾವಿರ. ನೋಡಲು ಬಲು ಚೆಂದ. ಒಳಗಿನ ಹಲ್ಲುಚಕ್ರ ಬಹುಪಾಲು ಪ್ಲಾಸ್ಟಿಕ್, ಮೋಟಾರು ಸಣ್ಣ ಅಡಾಪ್ಟರಿನಲ್ಲಿ ಇಲ್ಲವೇ ನಾಲ್ಕು ಸೆಲ್ಲಿನಲ್ಲಿ ತಿರುಗುವಂಥದ್ದು. ಕರ್ಚೀಫಿನ ಅಂಚು ಹೊಲಿದೀತು. ಲೈನಿಂಗ್ ಹಾಕಿದ ರವಿಕೆಯ ತೋಳು ಕೂಡಿಸುವ ಜಾಗದಲ್ಲಿ ನಾಲ್ಕು ಪದರ ಬಟ್ಟೆ ಸಿಕ್ಕಿತೋ, ಕುಯ್ಯೋ ಅಂತ ನಿಂತುಬಿಡುತ್ತದೆ.

ಸ್ಟೇಪ್ಲರಿನಂತೆ ಕೈಯಲ್ಲಿ ಹಿಡಿದು ಹೊಲಿಯುವ ಇನ್ನೊಂದು ಬಗೆ ಇದೆ. ಅದರದ್ದು ಒಂದೇ ದಾರದ ಸರಪಳಿ ಹೊಲಿಗೆ. ದಾರದ ತುದಿ ಎಳೆದರೆ ಇಡೀ ಹೊಲಿಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ! ಇವೆರಡೂ ಕೆಟ್ಟರೆ ನಮ್ಮೂರಿನಲ್ಲಿ ರಿಪೇರಿ ಮಾಡುವವರು ಸಿಗುವುದು ಕಷ್ಟ. ಹಾಕಲು ಬಿಡಿಭಾಗವೇ ಇರೋದಿಲ್ಲ.

ಕರಿ ಮೆಷಿನ್ನಿನ ಗಟ್ಟಿತನ

ಅಜ್ಜಿ ಕಾಲದ ಕರಿ ಕಬ್ಬಿಣದ ಮೆಷಿನ್ ಇದೆಯಲ್ಲ, ಕಾಲಲ್ಲಿ ತುಳಿಯೋದು, ಅದನ್ನು ಹಳೇದು ಅಂತ ಮೂಗು ಮುರಿಯಬೇಡಿ. ಮೇಲಿನದೊಂದು ದಾರ, ಕೆಳಗೆ ಬಾಬಿನ್ನಿನದೊಂದು ದಾರ. ಎರಡೂ ಬಟ್ಟೆಯ ನಡುವೆ ಗಂಟು ಹಾಕಿಕೊಳ್ಳುತ್ತವೆ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದ ಮೂಲಸೂತ್ರವೂ ಇದೇ. ನೇರ ಹೊಲಿಗೆ ಬಿಟ್ಟರೆ ಬೇರೆ ಬಾರದು. ಆದರೆ ಆ ನೇರ ಹೊಲಿಗೆಯನ್ನು ವರ್ಷಗಟ್ಟಲೆ ತಪ್ಪದೆ ಹಾಕುತ್ತದೆ. ಕರೆಂಟು ಹೋದರೂ ಕೆಲಸ ನಿಲ್ಲದು.

ಯಂತ್ರಗಳ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದ ಗಾಂಧೀಜಿಯೂ 1924ರಲ್ಲಿ ಹೊಲಿಗೆ ಯಂತ್ರಕ್ಕೆ ಮಾತ್ರ ರಿಯಾಯಿತಿ ಕೊಟ್ಟಿದ್ದರು!

ಇದರ ದೊಡ್ಡ ಗುಣ ಇನ್ನೊಂದು. ಹೆಸರಾಂತ ಕಂಪನಿಯದಿರಲಿ, ಲೂಧಿಯಾನದ ಸಣ್ಣ ಕಾರ್ಖಾನೆಯದಿರಲಿ, ಮನೆಬಳಕೆಯ ಕರಿ ಮೆಷಿನ್‌ಗಳ ಒಳರಚನೆ ಹೆಚ್ಚುಕಡಿಮೆ ಒಂದೇ. ಸೂಜಿ, ಬಾಬಿನ್, ಶಟಲ್, ಬೆಲ್ಟ್ ಒಂದರದ್ದು ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುತ್ತವೆ. ದಾವಣಗೆರೆಯಲ್ಲೇ ಏಕೆ, ಜಗಳೂರು, ಚನ್ನಗಿರಿಯಂಥ ಊರಲ್ಲೂ ಸಾಮಾನು ಹುಡುಕಿಕೊಳ್ಳಬಹುದು. ಹೆಡ್ಡು, ಸ್ಟ್ಯಾಂಡು, ಹಲಗೆ ಎಲ್ಲಾ ಸೇರಿ ಸುಮಾರು ಆರರಿಂದ ಒಂಬತ್ತು ಸಾವಿರ. ತುಳಿದು ಮೊಣಕಾಲು ನೋವು ಬಂದರೆ ಒಂದು, ಒಂದೂವರೆ ಸಾವಿರಕ್ಕೆ ಮೋಟಾರು ಕೂಡಿಸಬಹುದು.

ಕರೆಂಟ್ ಮೆಷಿನ್ ಯಾರಿಗೆ?

ಬಿಳಿ ಬಣ್ಣದ ಕರೆಂಟ್ ಮೆಷಿನ್ ಸುಮಾರು ಹತ್ತರಿಂದ ಹದಿನೈದು ಸಾವಿರ. ಏಳು ಬಗೆ ಹೊಲಿಗೆ, ಹದಿನಾಲ್ಕು ಬಗೆ ಹೊಲಿಗೆ ಅಂತ ಪೆಟ್ಟಿಗೆ ಮೇಲೆ ಬರೆದಿರುತ್ತದೆ. ಅದನ್ನು ನೋಡಿ ಮರುಳಾಗಬೇಡಿ. ನಿಮಗೆ ಬೇಕಾದದ್ದು ಅದರಲ್ಲಿ ಎಷ್ಟು ಅಂತ ಎಣಿಸಿ. ಸೀರೆಗೆ ಜಿಗ್‌ಜಾಗ್ ಹಾಕುವ ಕೆಲಸ ಹಿಡಿಯುವವರಿಗೆ ಇದು ಬೇಕೇ ಬೇಕು, ಬರೀ ನೇರ ಹೊಲಿಗೆಯ ಕರಿ ಮೆಷಿನ್ನಿನಲ್ಲಿ ಅದು ಆಗದು. ಬರೀ ರವಿಕೆ, ಲಂಗ, ದಿಂಬಿನ ಕವರು ಹೊಲಿಯುವವರಿಗೆ ಅಷ್ಟು ದುಡ್ಡು ಸುರಿಯುವ ಅಗತ್ಯವಿಲ್ಲ.

ಗಾರ್ಮೆಂಟ್ ಫ್ಯಾಕ್ಟರಿಯ ದೊಡ್ಡ ಮೆಷಿನ್ನಿನ ಮೇಲೆ ಕೆಲವರಿಗೆ ಆಸೆ. ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕುವ ರಾಕ್ಷಸ ಅದು! ಹೊಸದಾಗಿ ಕಲಿಯುವವರು ಕಾಲಿಟ್ಟರೆ ಬಟ್ಟೆ ಒಂದು ಕಡೆ, ಕೈ ಒಂದು ಕಡೆ. ಮನೆಗೆ ಅದು ಬೇಡ.

ಲೆಕ್ಕ ಹಾಕಿ ನೋಡಿ

ಸಾದಾ ರವಿಕೆಗೆ 200 ರೂಪಾಯಿ ಕೂಲಿ ಅಂತ ಹಿಡಿಯಿರಿ. ದಾರ, ಹುಕ್ಕು ಅಂತ 20 ಕಳೆಯಿರಿ. ಎಂಟು ಸಾವಿರದ ಮೆಷಿನ್ನಿನ ಅಸಲು ಬರಲು 45 ರವಿಕೆ ಹೊಲಿಯಬೇಕು. ಹದಿನಾಲ್ಕು ಸಾವಿರದ್ದಕ್ಕೆ 78. ದಿನಕ್ಕೊಂದು ಹೊಲಿಯುವವರಿಗೆ ಇದು ಒಂದು ತಿಂಗಳಿಗೂ ಹೆಚ್ಚಿನ ವ್ಯತ್ಯಾಸ.

ಸಾಲದ ಮೆಷಿನ್ ಆದರೆ ಈ ಲೆಕ್ಕ ಇನ್ನೂ ಮುಖ್ಯ. ಕಂತಿನ ವ್ಯಾಪಾರವನ್ನು ಮನೆಮನೆಗೆ ಹೊಕ್ಕಿಸಿದ್ದರಲ್ಲಿ ಹೊಲಿಗೆ ಯಂತ್ರದ್ದೇ ದೊಡ್ಡ ಪಾಲು. ಅಮೆರಿಕದ ಸಿಂಗರ್ ಕಂಪನಿ 1850ರ ದಶಕದಲ್ಲೇ ಅದನ್ನು ಶುರು ಮಾಡಿತ್ತು. ಅಂಗಡಿಯವರ ಕಂತು ಬೇರೆ, ವಾರಕ್ಕೊಮ್ಮೆ ಮನೆ ಬಾಗಿಲಿಗೆ ಬರುವ ಸಾಲಗಾರರ ಕಂತು ಬೇರೆ. ಮೈಕ್ರೋಫೈನಾನ್ಸ್ ವಸೂಲಿ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮೆಷಿನ್ ದುಡಿಯಲು ಶುರು ಮಾಡುವ ಮೊದಲೇ ಕಂತು ಶುರುವಾಗುತ್ತದೆ ಅನ್ನೋದು ನೆನಪಿರಲಿ.

ಸೆಕೆಂಡ್ ಹ್ಯಾಂಡ್ ಆದರೆ

ಹಳೇ ಕರಿ ಮೆಷಿನ್ ಅರ್ಧ ಬೆಲೆಗೆ ಸಿಕ್ಕರೆ ಬಿಡಬೇಡಿ. ಆದರೆ ಕಣ್ಣು ಮುಚ್ಚಿ ತರಬೇಡಿ. ಹೊಸ ಬಣ್ಣ ಬಳಿದು, ಹೆಸರಾಂತ ಕಂಪನಿಯ ಸ್ಟಿಕ್ಕರ್ ಅಂಟಿಸಿ ಮಾರುವವರಿದ್ದಾರೆ. ಬಣ್ಣ ನೋಡಬೇಡಿ, ಹೀಗೆ ನೋಡಿ:

ಬೆಲ್ಟ್ ತೆಗೆದು ಕೈಚಕ್ರವನ್ನು ನಿಮ್ಮ ಕಡೆಗೆ ತಿರುಗಿಸಿ. ಹಗುರಾಗಿ ತಿರುಗಬೇಕು. ಕರಕರ ಅಂದರೆ, ಎಲ್ಲೋ ಹಿಡಿದು ನಿಂತರೆ ಅನುಮಾನ ಪಡಿ.

ಸೂಜಿ ಹಿಡಿಯುವ ಕಂಬಿಯನ್ನು ಎರಡು ಬೆರಳಲ್ಲಿ ಅಲ್ಲಾಡಿಸಿ. ಲಟಪಟ ಅಂದರೆ ಸವೆದಿದೆ ಅಂತ ಅರ್ಥ.

ಹೆಡ್ಡನ್ನು ಹಿಂದಕ್ಕೆ ಮಲಗಿಸಿ ಕೆಳಗೆ ನೋಡಿ. ತುಕ್ಕು, ಬಿರುಕು, ವೆಲ್ಡಿಂಗ್ ಗುರುತು ಇದ್ದರೆ ಕೈಮುಗಿದು ಎದ್ದು ಬನ್ನಿ. ಬಟ್ಟೆಯನ್ನು ದೂಡುವ ಹಲ್ಲು ಚೂಪಾಗಿರಬೇಕು.

ಕೊನೆಗೆ ನಿಮ್ಮದೇ ಬಟ್ಟೆ ಚೂರು ಒಯ್ದು ಎರಡು ಪದರ, ನಾಲ್ಕು ಪದರ ಹೊಲಿದು ನೋಡಿ. ಮೇಲೂ ಕೆಳಗೂ ಹೊಲಿಗೆ ಒಂದೇ ಸಮ ಕಾಣಬೇಕು. ಅಂಗಡಿಯವರು ಕೊಟ್ಟ ಗಟ್ಟಿ ಕಾಟನ್ ಚೂರಿನ ಮೇಲೆ ಎಲ್ಲಾ ಮೆಷಿನ್ನೂ ಚೆನ್ನಾಗೇ ಹೊಲಿಯುತ್ತದೆ!

ಪುಕ್ಕಟೆ ಮೆಷಿನ್ನಿನ ಮೆಸೇಜು

ಸರ್ಕಾರ ಎಲ್ಲಾ ಹೆಂಗಸರಿಗೂ ಉಚಿತ ಹೊಲಿಗೆ ಯಂತ್ರ ಕೊಡುತ್ತಿದೆ, ಈ ಲಿಂಕ್ ಒತ್ತಿ ಅಂತ ಮೊಬೈಲಿಗೆ ಬರುವ ಸಂದೇಶ ನಂಬಬೇಡಿ. ಇಂಥವು ಸುಳ್ಳು ಎಂದು ಕೇಂದ್ರದ ವಾರ್ತಾ ಇಲಾಖೆಯೇ ಹೇಳಿದೆ. ನಿಜವಾಗಿ ಬಂದದ್ದು 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆ. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಕೆಲಸ ಮಾಡುತ್ತಿರುವ ದರ್ಜಿಗಳಿಗೆ ತರಬೇತಿ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಸಾಲ ಅಂತ ಅದರಲ್ಲಿ ಹೇಳಿದೆ. ಹೊಸ ಅರ್ಜಿ ತಗೊಳ್ತಾರಾ ಅಂತ ಸಾಮಾನ್ಯ ಸೇವಾ ಕೇಂದ್ರದಲ್ಲಿ ಕೇಳಿ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೂ ಒಮ್ಮೆ ವಿಚಾರಿಸಿ. ಮಧ್ಯವರ್ತಿಗೆ ಕಾಸು ಬಿಚ್ಚಬೇಡಿ.

ಅಂಗಡಿಯಲ್ಲಿ ಬಿಲ್ಲು ಕೇಳಲು ಸಂಕೋಚ ಬೇಡ. ಹೊಲಿಗೆ ಯಂತ್ರದ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹಳೇ ತೆರಿಗೆ ಸೇರಿಸಿ ದರ ಹೇಳಿದರೆ ಕೇಳುವ ಹಕ್ಕು ನಿಮಗಿದೆ. ಬಿಲ್ಲಿಲ್ಲದೆ ಗ್ಯಾರಂಟಿ ಮಾತೂ ನಡೆಯದು.

ಕೊನೇ ಮಾತು

ಕಂಪನಿ ಯಾವುದು ಅನ್ನೋ ಚರ್ಚೆ ಆಮೇಲಿರಲಿ. ನಿಮ್ಮ ಬೀದಿಯ, ನಿಮ್ಮ ಊರಿನ ಮೆಷಿನ್ ಮೆಕ್ಯಾನಿಕ್ ಹತ್ತಿರ ಹೋಗಿ, "ಅಣ್ಣಾ, ನೀನು ಯಾವುದನ್ನ ರಿಪೇರಿ ಮಾಡ್ತೀಯ? ಯಾವುದರ ಸಾಮಾನು ನಿನ್ನ ಹತ್ರ ಇದೆ?" ಅಂತ ಕೇಳಿ. ಆತ ಯಾವುದನ್ನು ಬಿಚ್ಚಿ ಜೋಡಿಸಬಲ್ಲನೋ ಅದೇ ನಿಮಗೆ ಅಗ್ಗದ ಮೆಷಿನ್. ಅವನು ಮುಟ್ಟದ ಮೆಷಿನ್ ಅರ್ಧ ಬೆಲೆಗೆ ಸಿಕ್ಕರೂ ದುಬಾರಿ.

ತಂದ ಮೇಲೆ ಒಂದು ಬುದ್ಧಿಮಾತು: ಮೆಷಿನ್ನಿಗೆ ಮೆಷಿನ್ ಎಣ್ಣೆಯನ್ನೇ ಬಿಡಿ. ಅಡುಗೆಮನೆಯ ಕೊಬ್ಬರಿ ಎಣ್ಣೆ ಬಿಟ್ಟರೆ ಜಿಡ್ಡುಗಟ್ಟಿ ಚಕ್ರ ಹಿಡಿದುಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ತಲೆಗಿರಲಿ!