ಹಲ್ಲುನೋವಿಗೆ ಮೊಬೈಲಿನ ಮದ್ದು

ಸೋದರಿಯರೇ, ಹಲ್ಲು ನೋಯತೊಡಗಿದರೆ ಈಗ ನಾವು ಕೇಳುವುದು ಅಜ್ಜಿಯನ್ನಲ್ಲ, ಮೊಬೈಲನ್ನು! ನಮ್ಮ ದೇಶಪಾಂಡೆ ನಗರದಲ್ಲೂ ಇದೇ ರೂಢಿ. ಆದರೆ ಅಲ್ಲಿ ಕಾಳಿನ ಜೊತೆ ಜೊಳ್ಳೂ ಬರುತ್ತದೆ. ಕೇರಿ ತೆಗೆದುಕೊಳ್ಳಬೇಕು ನೋಡ್ರಿ.

'ಹೊಗೆ ಹಾಕಿ ಹಲ್ಲಿನ ಹುಳ ಬೀಳಿಸಿ' ಅನ್ನುವ ವಿಡಿಯೊ ನೋಡಿರಬೇಕಲ್ಲ? ನಾವು ಹುಳುಕಲ್ಲು ಅಂದರೂ ಅಲ್ಲಿ ಹುಳ ಇರುವುದಿಲ್ಲ. ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾ ಹುಟ್ಟಿಸುವ ಆಮ್ಲದಿಂದ ಹಲ್ಲು ಕೊರೆಯುತ್ತದೆ. ನಿಂಬೆರಸ ತಿಕ್ಕಿದರೆ ಹಲ್ಲು ಬೆಳ್ಳಗಾಗುತ್ತದೆ ಅಂತಾರೆ. ಆ ಹುಳಿಗೆ ಹಲ್ಲಿನ ಎನಾಮಲ್ ಸವೆದರೆ ಮತ್ತೆ ಬೆಳೆಯದು. ಲವಂಗದೆಣ್ಣೆ ತುಸು ಹೊತ್ತು ನೋವು ಮರೆಸೀತು, ಹುಳುಕನ್ನು ವಾಸಿಮಾಡದು.

ನಂಬುವ ಮುನ್ನ ಮೂರು ಸಂಗತಿ ನೋಡಿಕೊಳ್ಳಿ: ಹೇಳುವವರು ದಂತವೈದ್ಯರೇ? ಯಾವ ವರ್ಷದ ಮಾತು? ಕಡೆಗೆ ಪುಡಿಯೋ ಪೇಸ್ಟೋ ಮಾರುತ್ತಾರೆಯೇ?

ಮುಖ ಬಾತು ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಮಾತ್ರ ಮೊಬೈಲ್ ಕೆಳಗಿಟ್ಟುಬಿಡಿ. ಸೋಂಕು ಕುತ್ತಿಗೆಗಿಳಿದರೆ ಜೀವಕ್ಕೇ ಅಪಾಯ. ಕೂಡಲೇ ಆಸ್ಪತ್ರೆಗೆ ಹೊರಡಿ. ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಆರಂಭವಾದ ಎಸ್‌ಡಿಎಂ ದಂತವೈದ್ಯಕೀಯ ಕಾಲೇಜು ಆಸ್ಪತ್ರೆ ನಮಗೇನು ದೂರವಲ್ಲ. ಮೊಬೈಲ್ ಎಷ್ಟೇ ಹೇಳಲಿ, ನಿಮ್ಮ ಬಾಯೊಳಗೆ ಕನ್ನಡಿ ಹಿಡಿದು ನೋಡುವವರು ವೈದ್ಯರೇ.