ವಾಟರ್ ಪಂಪಿನ ಸಣ್ಣ ತೂತು

ಅಬ್ಬಾ ನಮ್ಮ ಹಳೆಯ ಪೆಟ್ರೋಲ್ ಕಾರನ್ನು ಬಾಡಿಗೆಗೆ ಓಡಿಸುತ್ತಾರೆ. ಕಳೆದ ತಿಂಗಳು ಅದರ ರೇಡಿಯೇಟರ್ ಪಕ್ಕದ ಡಬ್ಬಿಯಲ್ಲಿ ದಿನಾ ನೀರು ಕಡಿಮೆಯಾಗುತ್ತಿತ್ತು. ಬೆಳಿಗ್ಗೆ ಫಜರ್ ನಮಾಜ್ ಮುಗಿಸಿ ಬಂದು ಒಂದು ಬಾಟಲಿ ಬೋರ್‌ವೆಲ್ ನೀರು ಸುರಿಯುವುದು ನನ್ನ ಕೆಲಸವಾಗಿತ್ತು. ಮೂರು ವಾರ ಹೀಗೇ ನಡೆಯಿತು. ಆದರೆ ಭಾನುವಾರ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಮದುವೆ ಬಾಡಿಗೆ ಇತ್ತು. ವಾಪಸ್ ಬರುವಾಗ ಏಳು ಜನರನ್ನು ಕೂರಿಸಿಕೊಂಡು ಘಾಟಿ ಹತ್ತಬೇಕು. ಅಲ್ಲಿ ಎಂಜಿನ್ ಕುದಿದರೆ ಏನು ಗತಿ ಎಂದು ಅಮ್ಮಿ ಕೇಳಿದ ಮೇಲೆ ಅಬ್ಬಾ ಉಸ್ತಾದರ ಗ್ಯಾರೇಜಿಗೆ ಹೊರಟರು. ನಾನೂ ಜೊತೆಗೆ ಹೋದೆ.

ಉಸ್ತಾದ್ ಮೊದಲು ಕಾರಿನ ಅಡಿಗೆ ಒಂದು ರಟ್ಟು ಹಾಸಿದರು. ಹನಿ ರೇಡಿಯೇಟರ್ ಕೆಳಗೆ ಬೀಳಲಿಲ್ಲ, ಎಂಜಿನ್ನಿನ ಬೆಲ್ಟ್ ಇರುವ ಕಡೆ ಬಿತ್ತು. ಅಲ್ಲಿರುವುದು ವಾಟರ್ ಪಂಪ್. ಟಾರ್ಚ್ ಹಿಡಿದು ನೋಡಿದರೆ ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು, ಅದರ ಸುತ್ತ ಬಿಳಿ ಕಲೆ. "ಇದಕ್ಕೆ ಎಂ-ಸೀಲ್ ಹಚ್ಚಿದರೆ ಆಯಿತಲ್ಲವಾ?" ಎಂದೆ. ಉಸ್ತಾದ್ ನಕ್ಕರು.

ಆ ತೂತು ಕಂಪನಿಯವರೇ ಬಿಟ್ಟದ್ದು. ಪಂಪಿನೊಳಗೆ ನೀರು ತಳ್ಳುವ ಚಕ್ರವಿದೆ. ಅದರ ದಂಡಕ್ಕೆ ಒಂದು ಬೇರಿಂಗ್, ನೀರು ತಡೆಯಲು ಒಂದು ಸೀಲ್. ಸೀಲ್ ಸವೆದರೆ ನೀರು ಬೇರಿಂಗಿಗೆ ನುಗ್ಗದೆ ಆ ತೂತಿನಿಂದ ಹೊರಗೆ ಬರಲಿ ಎಂದು ಅದನ್ನು ಇಟ್ಟಿರುತ್ತಾರೆ. ಮುಚ್ಚಿದರೆ ಬೇರಿಂಗ್ ಹೋಗುತ್ತದೆ. ನಮ್ಮದರಲ್ಲಿ ಪುಲ್ಲಿ ಆಗಲೇ ಅಲುಗಾಡುತ್ತಿತ್ತು. ಪಂಪನ್ನೇ ಬದಲಿಸಬೇಕಾಯಿತು.

ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಉಸ್ತಾದ್ ಕ್ಯಾಪ್ ಮುಟ್ಟಲು ಬಿಡಲಿಲ್ಲ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಕ್ಯಾಪ್ ತೆಗೆದ ಕ್ಷಣ ಒತ್ತಡ ಇಳಿದು ಅದು ಆವಿಯಾಗಿ ಮುಖಕ್ಕೆ ಹಾರುತ್ತದೆ. ಪ್ರೆಷರ್ ಕುಕ್ಕರ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬ್ಯಾಟರಿಯ ನೆಗೆಟಿವ್ ವೈರ್ ತೆಗೆದು, ಹಳೆಯ ನೀರನ್ನು ಬಕೆಟ್ಟಿಗೆ ಇಳಿಸಿದೆವು. ಅದು ತುಕ್ಕಿನ ಬಣ್ಣದ್ದು. ಮೂರು ವಾರ ನಾನು ಸುರಿದ ಗಡಸು ನೀರು ನೆನಪಾಗಿ ನಾಚಿಕೆಯಾಯಿತು. ನಮ್ಮ ಕಾರಿನಲ್ಲಿ ಪಂಪ್ ತೆಗೆಯಲು ಟೈಮಿಂಗ್ ಬೆಲ್ಟ್ ಕೂಡ ಬಿಚ್ಚಬೇಕು. ಅದರ ಗುರುತು ಒಂದು ಹಲ್ಲು ತಪ್ಪಿದರೂ ಎಂಜಿನ್ ಸರಿಯಾಗಿ ಓಡುವುದಿಲ್ಲ. ಹಾಗಾಗಿ ಅದಕ್ಕೆ ನನ್ನ ಕೈ ಹಾಕಿಸಲಿಲ್ಲ. ನನಗೆ ಸಿಕ್ಕಿದ್ದು ಹಳೆಯ ಗ್ಯಾಸ್ಕೆಟ್ ಕೆರೆಯುವ ಕೆಲಸ. ಒಂದು ಚೂರು ಉಳಿದರೂ ಹೊಸ ಪಂಪ್ ಸೋರುತ್ತದೆ, ಜೋರಾಗಿ ಕೆರೆದು ಗೀರು ಬಿದ್ದರೂ ಸೋರುತ್ತದೆ. ಅರ್ಧ ಗಂಟೆ ಹಿಡಿಯಿತು.

ಕೂಲಂಟ್ ತುಂಬುವುದು ಸುಲಭ ಎಂದುಕೊಂಡಿದ್ದೆ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ ನಿಧಾನವಾಗಿ ಹಾಕಬೇಕು. ಕ್ಯಾಪ್ ತೆರೆದಿಟ್ಟೇ ಎಂಜಿನ್ ಚಾಲೂ ಮಾಡಿ, ಹೀಟರ್ ಬಿಸಿಯ ಕಡೆ ತಿರುಗಿಸಿ ಕಾಯಬೇಕು. ಗುಳ್ಳೆಗಳು ಬರುತ್ತವೆ. ಥರ್ಮೋಸ್ಟಾಟ್ ತೆರೆದಾಗ ಮೇಲಿನ ಪೈಪ್ ಬಿಸಿಯಾಗಿ ಮಟ್ಟ ಇಳಿಯುತ್ತದೆ. ಆಗ ಮತ್ತೆ ತುಂಬಿ ಕ್ಯಾಪ್ ಮುಚ್ಚಬೇಕು. ಒಳಗೆ ಗಾಳಿ ಉಳಿದರೆ ಹೊಸ ಪಂಪ್ ಇದ್ದೂ ಎಂಜಿನ್ ಕಾಯುತ್ತದೆ.

ಇನ್ನೊಂದು ಮಾತು. ಹೆಚ್ಚಿನ ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನಮ್ಮ ಓಣಿಯಲ್ಲಿ ಬೆಕ್ಕು, ಆಡು ತಿರುಗುತ್ತವೆ. ಚೆಲ್ಲಿದ್ದನ್ನು ಒರೆಸಿ, ಹಳೆಯದನ್ನು ಚರಂಡಿಗೆ ಬಿಡದೆ ಕ್ಯಾನಿನಲ್ಲಿ ಇಟ್ಟೆವು.

ಪಂಪ್, ಕೂಲಂಟ್, ಮಜೂರಿ ಎಲ್ಲ ಸೇರಿ 3,400 ರೂಪಾಯಿ. ಮದುವೆ ಬಾಡಿಗೆಯ ದೊಡ್ಡ ಪಾಲು ಅದಕ್ಕೇ ಹೋಯಿತು ಎಂದು ಅಬ್ಬಾ ಗೊಣಗಿದರು. ಎಂಜಿನ್ ಕುದಿದು ಹೆಡ್ ಬಾಗಿದ್ದರೆ ಎಷ್ಟಾಗುತ್ತಿತ್ತು ಎಂದು ಉಸ್ತಾದ್ ಒಂದು ಚೀಟಿಯಲ್ಲಿ ಬರೆದು ತೋರಿಸಿದರು. ಅಬ್ಬಾ ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಭಾನುವಾರ ರಾತ್ರಿ ಹನ್ನೊಂದಕ್ಕೆ ಕಾರು ವಾಪಸ್ ಬಂತು. ಅಡಿಗೆ ರಟ್ಟು ಹಾಸಿ ಮಲಗಿದೆ. ಬೆಳಿಗ್ಗೆ ನೋಡಿದಾಗ ರಟ್ಟು ಒಣಗಿಯೇ ಇತ್ತು.